ಪ್ರಾಜೆಕ್ಟ್ ಮುಗಿದು ಮೂರು ವರ್ಷ ಆತು, ಫೋನ್ ಇನ್ನೂ ನಿಂತಿಲ್ಲ

ಮಿಲ್ ಕಾರಕೂನ

ಎಲ್ಲಾರಿಗೂ ಶರಣು. ಜರಾ ಉದ್ದ ಆಗ್ತದ, ತಾಳ್ಮಿ ಇದ್ದೋರು ಓದ್ರಿ.

ನಾ ಈಗ ಕಲಬುರಗಿಯಾಗ ಒಂದು ದಾಲ್ ಮಿಲ್ಲಿನಾಗ ಲೆಕ್ಕ ಬರಿತೀನಿ. ಅದಕ್ಕಿಂತ ಮೊದಲ ಐದೂವರಿ ವರ್ಷ ಸುರಪುರ ತಾಲೂಕಿನ ಕಡಿ ಒಂದು ಸಂಸ್ಥೆದಾಗ ಫೀಲ್ಡ್ ಕೆಲಸ ಮಾಡೀನಿ. ಮಕ್ಕಳ ಪೌಷ್ಟಿಕತೆ ಪ್ರಾಜೆಕ್ಟ್. 2022ರ ಮಾರ್ಚ್‌ದಾಗ ರೊಕ್ಕ ಕೊಡೋರು "ಇನ್ನ ಬ್ಯಾರೆ ಜಿಲ್ಲಾ ನೋಡ್ತೀವಿ" ಅಂದ್ರು. ಆಫೀಸಿನ ಖುರ್ಚಿ, ಟೇಬಲ್ ಅಂಗನವಾಡಿಗಿ ಕೊಟ್ಟು ಕೀಲಿ ಹಾಕಿದ್ವಿ. ಆವಾಗ ಪಗಾರ 14,500 ಇತ್ತು, ಈಗ 23,000. ಮನ್ಯಾಗ ಎಲ್ಲಾರಿಗೂ ಸಮಾಧಾನ.

ಫೋನ್ ಮಾತ್ರ ನಿಂತಿಲ್ಲ. ವಾರಕ್ಕ ಮೂರು-ನಾಕು ಬರ್ತಾವ. "ತಮ್ಮಾ, ಗೃಹಲಕ್ಷ್ಮಿ ರೊಕ್ಕ ಎರಡು ತಿಂಗಳದ್ದು ಬಂದಿಲ್ಲ." "ಸರ್ರ, ಆಧಾರದಾಗ ಹೆಸರು ಒಂದದ, ರೇಷನ್ ಕಾರ್ಡಿನಾಗ ಇನ್ನೊಂದದ." "ನಮ್ಮ ಅತ್ತಿ ಮುದುಕರ ಪಗಾರ ನಿಂತದ ನೋಡ್ರಿ." ಮಿಲ್ಲಿನ ಸದ್ದಿನಾಗ ಏನೂ ಕೇಳ್ಸಲ್ಲ. ಹೊರಗ ಬಂದು ಮಾತಾಡ್ತೀನಿ, ಮಾಲಕರು ಮಾರಿ ನೋಡ್ತಾರ. ನಮ್ಮ ಮನ್ಯಾಕಿ ಅಂತೂ ಎದುರಿಗೇ ಕೇಳ್ತಾಳ, "ಪಗಾರ ಕೊಡೋರು ಒಬ್ರು, ದುಡಿಯೋದು ಇನ್ನೊಬ್ರಿಗೇನು?"

ನಂಬರ್ ಯಾಕ ಬದಲಿ ಮಾಡವಲ್ಲಿ ಅಂತ ಕೇಳೋರಿಗಿ ಒಂದು ಹಳೇ ಸಂಗತಿ ಹೇಳ್ತೀನಿ.

2017, ನವೆಂಬರ್. ಒಂದು ದೊಡ್ಡಿಗಿ ಹೋಗಿದ್ದೆ, ಇಪ್ಪತ್ತು ಮನಿ ಇರಬಹುದು. ನಮ್ಮ ಕೈಯಾಗ ಒಂದು ಪಟ್ಟಿ ಇರ್ತದ, ಕೂಸಿನ ಎಡರೆಟ್ಟಿಗಿ ಸುತ್ತೋದು. 12.5 ಸೆಂಟಿಮೀಟರ್ ಮ್ಯಾಲ ಬಂದ್ರ ಹಸರು, 11.5ರ ಕೆಳಗ ಬಂದ್ರ ಕೆಂಪು, ನಡುವ ಹಳದಿ. ಒಂದು ಹುಡುಗಿ, ಒಂದೂವರಿ ವರ್ಷದ್ದು, ಕೆಂಪಿನಾಗ ಬಂತು. 11.1. ರೆಟ್ಟಿ ಅಂದ್ರ ನನ್ನ ಎರಡು ಬೆರಳಿನಷ್ಟು. ಅಂಥಾ ಕೂಸಿನ್ನ ತಾಯಿ ಸಂಗಟ 14 ದಿನ ಎನ್‌ಆರ್‌ಸಿಗಿ, ಅಂದ್ರ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕ, ಸೇರಿಸಬೇಕು. ಊಟ, ಔಷಧಿ, ತಾಯಿಗಿ ಕೂಲಿ ಬದಲಿ ರೊಕ್ಕ, ಎಲ್ಲಾ ಅಲ್ಲೇ. ತಾಯಿ "ಬರಂಗಿಲ್ಲ" ಅಂದಳು. ನಮ್ಮ ಫಾರಂದಾಗ 'ನಿರಾಕರಣೆಗೆ ಕಾರಣ' ಅಂತ ಒಂದು ಸಾಲು ಇತ್ತು. ಮನೆಯವರ ವಿರೋಧ, ಕೂಲಿ ಕೆಲಸ, ದೂರ, ಇತರೆ. ಹತ್ತಿ ಬಿಡಿಸೋ ಸುಗ್ಗಿ ನಡೆದಿತ್ತು, ನಾ 'ಕೂಲಿ ಕೆಲಸ' ಅಂತ ಟಿಕ್ ಹಾಕಿ ಬಂದೆ. ಎರಡನೇ ಸಲ ಹೋದೆ, ಅದೇ ಮಾತು, ಅದೇ ಟಿಕ್.

ನಮ್ಮ ಮ್ಯಾಲಿನ ಅಕ್ಕಾರು ಫಾರಂ ನೋಡಿ ಬೈಯಲಿಲ್ಲ. "ಮೂರನೇ ಸಲ ಹೋಗು. ಫಾರಂ ಒಯ್ಯಬ್ಯಾಡ, ಪೆನ್ನೂ ಒಯ್ಯಬ್ಯಾಡ" ಅಂದ್ರು.

ಹೋದೆ. ಕೈಯಾಗ ಏನೂ ಇಲ್ಲಾಂದ್ರ ಏನು ಮಾಡಬೇಕು ತಿಳಿವಲ್ದು. ಕಟ್ಟಿ ಮ್ಯಾಲ ಕೂತೆ. ಆಕಿ ರೊಟ್ಟಿ ಬಡಿಯೋದು ಮುಗಿಸಿ, ನೀರು ಕೊಟ್ಟು, ತಾನೂ ಕೂತಳು. ಅರ್ಧ ತಾಸು ಮಳಿ, ಹತ್ತಿ ರೇಟು, ಪುಣೆದಾಗ ಸೆಂಟ್ರಿಂಗ್ ಕೆಲಸಕ್ಕ ಹೋದ ಗಂಡ, ಇದೇ ಮಾತು. ಆಮ್ಯಾಲ ತಾನೇ ಹೇಳಿದಳು: ಎರಡು ಆಡು ಗಬ್ಬ ಆಗ್ಯಾವ, ಇವತ್ತೋ ನಾಳೆಯೋ ಈಯ್ತಾವ. ಬಿಟ್ಟು ಹೋದ್ರ ನಾಯಿ ಪಾಲು. ಆಕಿ ಹಂತ್ಯಾಕ ಇದ್ದ ಆಸ್ತಿ ಅಂದ್ರ ಅವೆರಡೇ.

ಆಡು! ನಮ್ಮ ಫಾರಂದಾಗ ಆಡು ಎಲ್ಲಿತ್ತು? 'ಇತರೆ'ದಾಗ.

ಆ ಸಂಜಿನೇ ಓಣಿಯ ಒಬ್ಬ ಮುದುಕಿ ಒಪ್ಪಿದಳು, ಆಡು ತಾ ನೋಡ್ಕೋತೀನಿ, ಹಾಲು ತನಗಿರಲಿ ಅಂತ. ಮರುದಿನ ಮುಂಜಾನೆ ತಾಯಿ-ಮಗಳು ಟಂಟಂ ಹತ್ತಿದ್ರು. ಆ ಹುಡುಗಿ ಈಗ ನಾಕನೇ ಕ್ಲಾಸ್. ನನಗ ಈಗ ಫೋನ್ ಮಾಡೋರಾಗ ಆ ತಾಯಿನೂ ಒಬ್ಬಾಕಿ.

ಈಗ ಕೇಳೋದು ಇಷ್ಟೇ. ಇಂಥಾ ಸಂಸ್ಥೆದಾಗ ದುಡಿದು ಹೊರಗ ಬಂದೋರು ನಿಮ್ಮಾಗ ಭಾಳ ಮಂದಿ ಇರಬೇಕು. ನೀವು ಏನು ಮಾಡಿದ್ರಿ? ಕೆಲಸ ಬಿಟ್ಟ ದಿನವೇ ಎಲ್ಲಾ ಬಿಟ್ಟ್ರಿ? ಪಗಾರಕ್ಕ ಶುರು ಮಾಡಿದ್ದು ಪಗಾರ ನಿಂತ ಮ್ಯಾಲೂ ನಡಿಲಕತ್ತದಲ್ಲ, ಇದಕ್ಕ ಏನಂತಾರ?

ಸುಸಲಾ ಮಿರ್ಚಿ

ಇದಕ್ಕ 'ಎರಡು ಸಿಮ್' ಅಂತಾರ ಅಣ್ಣಾ. ಒಂದು ಮಿಲ್ಲಿಗಿ, ಒಂದು ದೊಡ್ಡಿಗಿ. ದೊಡ್ಡಿದು ಸಂಜಿ ಆರರ ಮ್ಯಾಲ ಚಾಲೂ ಇಡು.

ಬೀದರಿನಾಕಿ

ತಮ್ಮಾ, ನಿನ್ನ ಆಡಿನ ಕಥಿ ಓದಿ ಕಣ್ಣಾಗ ನೀರು ಬಂತು, ನಗುನೂ ಬಂತು. ನಮ್ಮ ಕಾಲದ್ದು ಹೇಳ್ತೀನಿ ಕೇಳು.

ನಬಾರ್ಡ್ 1992ರಾಗ ದೇಶದಾಗ ಬರೇ 500 ಸ್ವಸಹಾಯ ಸಂಘ ಹಿಡ್ಕೊಂಡು ಬ್ಯಾಂಕ್ ಜೋಡಣಿ ಶುರು ಮಾಡ್ತು. ಸಂಘದ ಮಾತು ನಮ್ಮ ಕಡಿ ಮೊದಲೇ ಬಂದಿತ್ತು, ಕಮಲಾಪುರ ಕಡಿ ಮೈರಾಡ ಅನ್ನೋ ಸಂಸ್ಥೆದವರು ಹಳ್ಳಿ ಹಳ್ಳಿ ತಿರುಗ್ತಿದ್ರು. ನಾ ಸೇರಿದ್ದು ಆಮ್ಯಾಲ, ಹುಮನಾಬಾದ ತಾಲೂಕಿನಾಗ, ಒಂದು ಸಣ್ಣ ಸಂಸ್ಥೆದಾಗ. ನನಗ 22 ವರ್ಷ, ಪಿಯುಸಿ ಆಗಿತ್ತು. ನಮ್ಮಪ್ಪ "ಹೆಣ್ಣುಹುಡುಗಿ ಊರೂರು ತಿರುಗ್ತಾಳ" ಅಂತ ಆರು ತಿಂಗಳ ಮಾತು ಬಿಟ್ಟಿದ್ರು.

ಒಂದು ಸಂಘ ಅಂದ್ರ ಹತ್ತರಿಂದ ಇಪ್ಪತ್ತು ಮಂದಿ ಹೆಣ್ಣಮಕ್ಕಳು. ವಾರಕ್ಕ ಹತ್ತು ರೂಪಾಯಿ ಉಳಿತಾಯ. ಪೆಟ್ಟಿಗಿ ಒಬ್ಬಾಕಿ ಮನ್ಯಾಗ, ಕೀಲಿ ಇನ್ನೊಬ್ಬಾಕಿ ಕೊಳ್ಳಾಗ. ಠರಾವು ಪುಸ್ತಕ ಬರಿಯೋಕಿ ನಾ, ಯಾಕಂದ್ರ ನನ್ನ ಅಕ್ಷರ ಗುಂಡಗ ಇದ್ವು, ಮೇಲಿನೋರು ನೋಡಿ ಶಹಬ್ಬಾಸ್ ಅಂತಿದ್ರು.

ಒಮ್ಮಿ ಟೈಫಾಯ್ಡ್ ಬಂದು ಎರಡು ವಾರ ಮಲಗಿದೆ. ಮೂರನೇ ವಾರ ಹೋಗಿ ನೋಡ್ತೀನಿ, ಪುಸ್ತಕ ಬರದಾರ! ಏಳನೇ ಕ್ಲಾಸಿಗಿ ಸಾಲಿ ಬಿಟ್ಟ ಒಬ್ಬ ಸೊಸಿ ಬರದಿದ್ದಳು. ಠರಾವು ಅನ್ನೋದು 'ಟರಾವ' ಆಗಿತ್ತು, ಸಾಲು ಮ್ಯಾಲ-ಕೆಳಗ ಎತ್ತಿನ ಉಚ್ಚಿ ಹಂಗ ಹೋಗಿದ್ವು. ನಾ ಕೆಂಪು ಪೆನ್ ತಗೊಂಡು ತಿದ್ದಲಿಕ್ಕಿ ಕೂತೆ. ಎರಡು ಸಾಲು ತಿದ್ದಿರಬೇಕು, ಅಧ್ಯಕ್ಷಿ ಆಗಿದ್ದ ಮುದುಕಿ ಪುಸ್ತಕ ಕಸಗೊಂಡಳು. "ನಿಂದು ಚಂದ ಇತ್ತವ್ವಾ. ಇದು ನಮ್ದು ಅದ" ಅಂದಳು. ಆಮ್ಯಾಲ ಆ ಪುಸ್ತಕಕ್ಕ ನಾ ಕೈ ಹಚ್ಚಿಲ್ಲ.

ನಮ್ಮ ಬೀದರ ಡಿಸಿಸಿ ಬ್ಯಾಂಕ್ ಗುರುಪಾದಪ್ಪ ನಾಗಮಾರಪಳ್ಳಿ ಅವರ ಕಾಲದಾಗ ಸಂಘಗಳಿಗಿ ಸಾಲ ಕೊಡೋದ್ರಾಗ ಹೆಸರು ಮಾಡ್ತು, ಹೊರಗಿನ ಮಂದಿ ನೋಡಲಿಕ್ಕಿ ಬರ್ತಿದ್ರು. ಆದ್ರ ಬ್ಯಾಂಕಿನ ಬಾಗಿಲ ತನಕ ಹೋಗೋ ಧೈರ್ಯ ಬಂದಿದ್ದು ಈ 'ಟರಾವ'ದಿಂದ ಅಂತ ನನ್ನ ಲೆಕ್ಕ.

ಈಗ ಬೀದರ ಶಹರದಾಗ ಇದ್ದೀನಿ, ಸಂಸ್ಥೆ ಬಿಟ್ಟು ಹದಿನಾರು ವರ್ಷ ಆದ್ವು. ಓಣಿಯಾಗ ನಳದ ನೀರು ಬರಲ್ಲಂದ್ರ ಮಂದಿ ನನ್ನ ಕಡಿನೇ ಬರ್ತಾರ. ಅರ್ಜಿ ನಾ ಬರಿಯಲ್ಲ. ಚಹಾ ಮಾಡಿ, ಪೆನ್ನು-ಹಾಳಿ ಕೊಟ್ಟು, ಬಂದೋರನ್ನೇ ಬರಿಲಿಕ್ಕಿ ಕೂಡಿಸ್ತೀನಿ. ಒಂದು ಅರ್ಜಿಗಿ ಎರಡು ತಾಸು ಹಿಡಿತದ, ಚಹಾಪುಡಿ ಖರ್ಚು ಬ್ಯಾರೆ.

ಲೆಕ್ಕ ತಪಾಸಣೆ

ಭಾವನೆಗಳಿಗೆ ನೋವಾದರೆ ಕ್ಷಮೆ ಇರಲಿ, ಒಂದು ತಕರಾರು ಇದೆ.

ನಾನು ಕಲಬುರಗಿಯಲ್ಲಿ ಲೆಕ್ಕ ಪರಿಶೋಧನೆಯ ಕೆಲಸದಲ್ಲಿ ಇಪ್ಪತ್ತು ವರ್ಷದಿಂದ ಇದ್ದೇನೆ. ಸೊಸೈಟಿ, ಟ್ರಸ್ಟ್, ಎರಡರ ಪುಸ್ತಕಗಳೂ ನನ್ನ ಮೇಜಿಗೆ ಬರುತ್ತವೆ. 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಕಟ್ಟುವುದು ಕಷ್ಟವಲ್ಲ, ಏಳು ಜನ ಸಹಿ ಮಾಡಿದರೆ ಆಯಿತು. ಕಷ್ಟ ಆಮೇಲಿನದು. ಒಮ್ಮೆ ಒಂದು ಕಡತದಲ್ಲಿ ಮೂರು ತರಬೇತಿಗಳ ಫೋಟೋ ಇದ್ದವು. ಮೂರು ಬೇರೆ ಬೇರೆ ಬ್ಯಾನರ್, ಮೂರು ಬೇರೆ ಬೇರೆ ತಿಂಗಳು. ಮೂರರಲ್ಲೂ ಎರಡನೇ ಸಾಲಿನಲ್ಲಿ ಅದೇ ಕೆಂಪು ಸೀರೆಯ ಅಜ್ಜಿ, ಕೈಯಲ್ಲಿ ಅದೇ ಅರ್ಧ ತಿಂದ ಬಾಳೆಹಣ್ಣು. ಹಾಗಾಗಿ 'ಸೇವೆ' ಎಂಬ ಪದ ಕಂಡಕೂಡಲೇ ನಾನು ಮೊದಲು ವೋಚರ್ ಕೇಳುವವನು.

ಇನ್ನೊಂದು ಬದಿಯನ್ನೂ ಕಂಡಿದ್ದೇನೆ, ಅದನ್ನೂ ಹೇಳಬೇಕು. 2020ರ ಸೆಪ್ಟೆಂಬರಿನಲ್ಲಿ ವಿದೇಶಿ ದೇಣಿಗೆ ಕಾಯ್ದೆಗೆ ತಿದ್ದುಪಡಿ ಬಂತು. ಆಡಳಿತ ವೆಚ್ಚದ ಮಿತಿ ಶೇ. 50ರಿಂದ 20ಕ್ಕೆ ಇಳಿಯಿತು, ಒಂದು ಸಂಸ್ಥೆ ತಾನು ಪಡೆದ ವಿದೇಶಿ ಹಣವನ್ನು ಇನ್ನೊಂದಕ್ಕೆ ಕೊಡುವುದೇ ನಿಂತಿತು. ದೊಡ್ಡ ಸಂಸ್ಥೆಯ ಕೊಂಬೆ ಹಿಡಿದು ಬದುಕಿದ್ದ ಸಣ್ಣವು ಒಣಗಿದವು. ನಾನು ಲೆಕ್ಕ ನೋಡುತ್ತಿದ್ದ ಒಂದು, ಶುದ್ಧ ಪುಸ್ತಕದ, ಪ್ರಾಮಾಣಿಕ ಸಂಸ್ಥೆ, ಅದೇ ವರ್ಷ ಬಾಗಿಲು ಹಾಕಿತು. ಉಳಿದದ್ದು ಕಂಪನಿಗಳ ಸಿಎಸ್‌ಆರ್, ಅಂದರೆ ಸಾಮಾಜಿಕ ಹೊಣೆಗಾರಿಕೆಯ ಹಣ. 2014ರ ಏಪ್ರಿಲಿನಿಂದ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ ಶೇ. 2ನ್ನು ಇದಕ್ಕೆ ತೆಗೆದಿಡಬೇಕು, ಕೊಡುವಾಗ ತಮ್ಮ ಸುತ್ತಲಿನ ಊರಿಗೆ ಆದ್ಯತೆ. ಸುತ್ತಲೂ ಕಾರ್ಖಾನೆಯೇ ಇಲ್ಲದ ದೊಡ್ಡಿ ಯಾರ ಆದ್ಯತೆ?

ಇನ್ನು ಕಾರಕೂನರ ಪ್ರಶ್ನೆ. ನಿಮ್ಮ ಕಥೆ ಚೆನ್ನಾಗಿದೆ, ಆದರೆ ಮೂರು ವರ್ಷದ ನಂತರವೂ ಪಿಂಚಣಿ ನಿಂತರೆ ಜನ ಪಂಚಾಯ್ತಿಗೆ ಹೋಗದೆ ನಿಮಗೆ ಫೋನ್ ಮಾಡುತ್ತಾರೆಂದರೆ ಆ ಐದೂವರೆ ವರ್ಷ ನೀವು ಕಲಿಸಿದ್ದು ಏನು? ನಿಮ್ಮ ನಂಬರನ್ನು ಮಾತ್ರ. ಬೀದರಿನ ಅಕ್ಕನವರು ಪೆನ್ನು ಕೊಟ್ಟು ಬಂದಿದ್ದಾರೆ, ನೀವು ಫೋನ್ ನಂಬರ್ ಕೊಟ್ಟು ಬಂದಿದ್ದೀರಿ.

ಮಿಲ್ ಕಾರಕೂನ

ಲೆಕ್ಕದ ಸರ್, ಮಾತು ಚುಚ್ಚಿತು. ನಿನ್ನಿ ರಾತ್ರಿನೇ ಓದಿದ್ದೆ, ಉತ್ತರ ಬರಿಲಿಕ್ಕಿ ಇವತ್ತು ಸಂಜಿ ತನಕ ಹಿಡಿತು. ತಪ್ಪು ಅಂತ ಹೇಳ್ಲಿಕ್ಕಿ ಬರವಲ್ದು, ಪೂರಾ ಖರೆ ಅಂತ ಒಪ್ಲಿಕ್ಕೂ ಮನಸ್ಸಿಲ್ಲ. ಪಂಚಾಯ್ತಿಗಿ ಹೋದ್ರ "ನಾಳಿ ಬಾ" ಅಂತಾರ, ಅದಕ್ಕೇ ನನಗ ಮಾಡ್ತಾರ. ಆದ್ರ ನಾ ಫೋನ್ ಹಚ್ಚಿದ್ರ ಅದೇ ಮನುಷ್ಯ ಅದೇ ಕೆಲಸ ಹತ್ತು ನಿಮಿಷದಾಗ ಮಾಡ್ತಾನ. ಇದು ನನ್ನ ಸೋಲೋ ಅವನದೋ?

ಸುರಪುರದ ಹಳೇ ಮೇಷ್ಟ್ರು

ನಾನು ನಿವೃತ್ತ ಶಿಕ್ಷಕ. 2004-05ರ ಸುಮಾರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನವರು ನಮ್ಮ ತಾಲೂಕಿನ ಸರಕಾರಿ ಶಾಲೆಗಳಲ್ಲಿ ಕೆಲಸ ಶುರು ಮಾಡಿದಾಗ ನನಗೆ ಸಿಟ್ಟೇ ಬಂದಿತ್ತು. ಹುಡುಗರು ಬಂದು ತರಗತಿಯ ಹಿಂದಿನ ಸಾಲಿನಲ್ಲಿ ಕೂತು ನೋಡುತ್ತಿದ್ದರು. 'ಇವರೇನು ನನಗೆ ಕಲಿಸುತ್ತಾರೆ' ಎನ್ನುವ ಸಿಟ್ಟು. ಆರು ತಿಂಗಳಲ್ಲಿ ಅವರಲ್ಲೊಬ್ಬ ನನ್ನ ಜೊತೆ ಕೂತು ಗಣಿತಕ್ಕೆ ಜೋಳದ ದಂಟು ಕತ್ತರಿಸುತ್ತಿದ್ದ. ಆಗ ನಮ್ಮದಿನ್ನೂ ಗುಲಬರ್ಗಾ ಜಿಲ್ಲೆ. 2010ರಲ್ಲಿ ಯಾದಗಿರಿ ಬೇರೆಯಾಯಿತು, ಮರುವರ್ಷದ ಜನಗಣತಿಯಲ್ಲಿ ಸಾಕ್ಷರತೆ ಶೇ. 51.83, ರಾಜ್ಯದಲ್ಲೇ ಕಡೆ. ಆ ಅಂಕಿ ಪೇಪರಿನಲ್ಲಿ ಓದಿದ ದಿನ ನಾನು ಊಟ ಮಾಡಲಿಲ್ಲ. ಮೂವತ್ತು ವರ್ಷ ಕಲಿಸಿದವನಿಗೆ ಅದು ತನ್ನದೇ ಅಂಕಪಟ್ಟಿ.

ಸೇವೆ ನಮ್ಮ ನೆಲಕ್ಕೆ ಹೊಸದಲ್ಲ. ಕಲಬುರಗಿಯ ಶರಣಬಸವೇಶ್ವರರ ದಾಸೋಹ ಎಲ್ಲರಿಗೂ ಗೊತ್ತು. ನಿಜಾಮರ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ಅವರಿಗೆ ಯಾರು ಪಗಾರ ಕೊಟ್ಟರು? ಬಿದ್ದ ಅಕ್ಕಿ ಆಯ್ದು ತರುತ್ತಿದ್ದ ಶರಣ ಆಯ್ದಕ್ಕಿ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ತಂದರೆ ಹೆಂಡತಿ ಲಕ್ಕಮ್ಮ ವಾಪಸ್ ಸುರಿದು ಬಾ ಎಂದಳು. ಈಗಿನ ಮಕ್ಕಳು ಪಗಾರದ ಲೆಕ್ಕ ಮೊದಲು ಹಾಕುತ್ತಾರೆ, ಅದೇ ನನಗೆ ಬೇಸರ.

ಸ್ಕೂಟಿ ಅಕ್ಕ

ಮೇಷ್ಟ್ರ, ನಿಮ್ಮ ಮ್ಯಾಲ ಗೌರವ ಅದ. ಆದ್ರ ಈ ಮಾತು ಕೇಳಿ ಕೇಳಿ ಕಿವಿ ತೂತು ಬಿದ್ದಾವ್ರಿ.

ನಾ ಸದ್ಯ ಕಲಬುರಗಿ ಜಿಲ್ಲಾದಾಗ ಒಂದು ಸಂಸ್ಥೆದಾಗ ಫೀಲ್ಡಿನಾಗ ಇದ್ದೀನಿ. ಎಂಎಸ್‌ಡಬ್ಲ್ಯೂ ಮಾಡೀನಿ. ಪಗಾರ 13,000. ದಿನಾ ಅರವತ್ತು ಕಿಲೋಮೀಟರ್ ಸ್ಕೂಟಿ, ಪೆಟ್ರೋಲ್ ರೊಕ್ಕ ಮೂರು ತಿಂಗಳಿಗೊಮ್ಮಿ ಬರ್ತದ, ಬಂದ್ರ. ಪಿಎಫ್ ಇಲ್ಲ. ಹೋದ ವರ್ಷ ಪಗಾರ ಹೆಚ್ಚು ಮಾಡ್ರಿ ಅಂತ ಕೇಳಿದ್ದಕ್ಕ ನಮ್ಮ ಸಾಹೇಬ್ರು ಎಸಿ ರೂಮಿನಾಗ ಕೂತು ಇದೇ ಲಕ್ಕಮ್ಮನ ಕಥಿ ಹೇಳಿದ್ರು.

ಆ ಕಥಿ ನಾನೂ ಸಣ್ಣಾಕಿ ಇದ್ದಾಗಿಂದ ಕೇಳೀನಿ, ನಮ್ಮಜ್ಜಿ ಊರು ಆ ಮಾರಯ್ಯ-ಲಕ್ಕಮ್ಮರ ಲಿಂಗಸುಗೂರ ಕಡಿನೇ, ಅಮರೇಶ್ವರ ಜಾತ್ರಿಗಿ ಹೋಗಿ ಬೆಳೆದಾಕಿ. ಲಕ್ಕಮ್ಮ ವಾಪಸ್ ಕಳಿಸಿದ್ದು ದಿನದ್ದಕ್ಕಿಂತ ಹೆಚ್ಚು ಬಂದಿದ್ದ ಅಕ್ಕಿ. ಆವತ್ತಿನ ಊಟದ ಅಕ್ಕಿ ಅಲ್ಲ. ದಿನದ ಅಕ್ಕಿ ಒಲಿ ಮ್ಯಾಲ ಏರಿದ ಮ್ಯಾಲ ಹೆಚ್ಚಿಂದು ಬ್ಯಾಡ ಅಂದಳು. ನಮಗ ದಿನದ ಅಕ್ಕಿನೇ ಕೊಡದೆ 'ಹೆಚ್ಚಿಗಿ ಆಸಿ ಬ್ಯಾಡ' ಅಂದ್ರ ಹ್ಯಾಂಗ್ರಿ? ಪಟ್ಟದ್ದೇವರು ಮಠದ ಸ್ವಾಮಿಗಳು. ನನಗ ಮಠ ಇಲ್ಲ, ಬಾಡಿಗಿ ಮನಿ ಅದ, ಅವ್ವನ ಶುಗರ್ ಗುಳಿಗಿ ಅದ.

ಕೆಲಸ ಬಿಡ್ತೀನೇನು ಅಂದ್ರ, ಇಲ್ಲ. ಯಾಕಿಲ್ಲ ಅಂತ ನನಗೂ ಪೂರಾ ಗೊತ್ತಿಲ್ಲ. ಹೋದ ತಿಂಗಳ ಒಂದು ಹುಡುಗಿ, ಒಂಬತ್ತನೇ ಕ್ಲಾಸು, ಮದುವಿ ಮಾಡ್ಲಕತ್ತಾರಂತ ಸಾಲಿ ಕಂಪೌಂಡ್ ಹಿಂದ ನನ್ನ ಕೈ ಹಿಡ್ಕೊಂಡು ಹೇಳಿದಳು. ಮಕ್ಕಳ ಸಹಾಯವಾಣಿ 1098ಕ್ಕ ಫೋನ್ ಮಾಡಿದ್ವಿ, ಮದುವಿ ನಿಂತಿತು. ಅವರಪ್ಪ ನನಗ ಬೈದದ್ದು ಇಲ್ಲಿ ಬರಿಲಿಕ್ಕಿ ಬರಲ್ಲ. ಆಕಿ ದಿನಾ ಸಾಲಿಗಿ ಬರ್ತಾಳ, ನನ್ನ ನೋಡಿದ್ರ ನಗಲ್ಲ, ಮಾರಿ ಆ ಕಡಿ ತಿರುವ್ತಾಳ. ಮನ್ಯಾಗ ಏನು ಅನುಭವಿಸ್ಲಕತ್ತಾಳೋ. ವಾರಕ್ಕೊಮ್ಮಿ ಆ ಸಾಲಿ ಮುಂದ ಸ್ಕೂಟಿ ನಿಲ್ಲಿಸಿ ಆಕಿ ಬಂದಾಳೋ ಇಲ್ಲೋ ಅಷ್ಟೇ ನೋಡಿ ಹೋಗ್ತೀನಿ. ಇದು ನನ್ನ ರಿಪೋರ್ಟಿನಾಗ ಬರಲ್ಲ, ಪೆಟ್ರೋಲೂ ಸಿಗಲ್ಲ.

ಸುರಪುರದ ಹಳೇ ಮೇಷ್ಟ್ರು

ತಂಗೀ, ದಿನದ ಅಕ್ಕಿಯ ಮಾತು ಒಪ್ಪಿದೆ. ಇಷ್ಟು ವರ್ಷ ಆ ಕಥೆಯನ್ನು ನಾನೂ ಸಾಹೇಬರ ಹಾಗೆಯೇ ಹೇಳುತ್ತಾ ಬಂದೆ.

ಸುಸಲಾ ಮಿರ್ಚಿ

ಮೇಷ್ಟ್ರು ಸೋತಿದ್ದು ಮೊದಲ ಸಲ ನೋಡ್ಲಕತ್ತೀನಿ. ಅಕ್ಕಾ, ಒಂದು ಪ್ಲೇಟ್ ಮಿರ್ಚಿ ನನ್ನ ಕಡಿಂದ.

ಮೇಜಿನ ಆ ಕಡೆ

ಕಾರಕೂನರ, "ನನ್ನ ಸೋಲೋ ಅವನದೋ" ಅಂದ್ರಲ್ಲ, ಆ 'ಅವನು' ನಾನೇ. ಅಂದ್ರ ನಾ ಪಿಡಿಓ, ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ. ನಿಮ್ಮ ಊರಿನವ ಅಲ್ಲ, ಬಿಡ್ರಿ.

ನಾನೂ ಸಂಸ್ಥೆದಿಂದ ಬಂದವನೇ. 2011ರಾಗ ಆಳಂದ ತಾಲೂಕಿನಾಗ ಉದ್ಯೋಗ ಖಾತ್ರಿ ಕೂಲಿಕಾರರ ಜೋಡಿ ಕೆಲಸ ಮಾಡ್ತಿದ್ದೆ. ಆವಾಗ ಕೂಲಿ ದಿನಕ್ಕ 125 ರೂಪಾಯಿ. ಕೆಲಸ ಬೇಕಂದ್ರ ನಮೂನೆ 6 ತುಂಬಿ ಕೊಡಬೇಕಿತ್ತು, ತಾರೀಖು ಹಾಕಿದ ಸ್ವೀಕೃತಿ ತಗೋಬೇಕಿತ್ತು. ಅದು ಕೈಯಾಗ ಇದ್ರೇ 15 ದಿನದ ಲೆಕ್ಕ ಶುರು. 15 ದಿನದಾಗ ಕೆಲಸ ಕೊಡಲಿಲ್ಲಂದ್ರ ನಿರುದ್ಯೋಗ ಭತ್ಯೆ ಕೊಡಬೇಕಿತ್ತು. ಅದಕ್ಕೇ ಫಾರಂ ಇಟ್ಕೋತಿದ್ರು, ಸ್ವೀಕೃತಿ ಕೊಡ್ತಿರಲಿಲ್ಲ. "ಇಟ್ಟು ಹೋಗ್ರಿ, ನೋಡೋಣ."

ಒಂದು ದಿನ ಮೂವತ್ತೆಂಟು ಹೆಣ್ಣಮಕ್ಕಳು ಪಂಚಾಯ್ತಿ ಮುಂದ ಕೂತ್ರು. ನಾ ಭಾಷಣ ತಯಾರಿ ಮಾಡ್ಕೊಂಡು ಹೋಗಿದ್ದೆ, ಕಾಯ್ದೆ, ಕಲಮು, ಎಲ್ಲಾ. ನಾ ಬಾಯಿ ತೆರೆಯೋದರಾಗ ಒಬ್ಬ ಮುದುಕಿ ಎದ್ದು ಒಳಗ ಹೋಗಿ ಮೇಜಿನ ಮ್ಯಾಲ ಕೈ ಇಟ್ಟಳು. "ಹಿಟ್ಟಿನ ಗಿರಣ್ಯಾಗ ಎರಡು ಸೇರು ಜ್ವಾಳ ಇಟ್ರ ಭೀ ಚೀಟಿ ಕೊಡ್ತಾರೋ ಯಪ್ಪಾ. ನನ್ನ ಕೆಲಸ ಎರಡು ಸೇರು ಜ್ವಾಳಕ್ಕಿಂತ ಕಡಿಮಿ ಅದೇನು?" ಒಳಗ ಕೂತವ ನಕ್ಕ, ಆಮ್ಯಾಲ ಬೆವತ, ಆಮ್ಯಾಲ ಮೂವತ್ತೆಂಟೂ ಚೀಟಿ ಬರದ. ನನ್ನ ಭಾಷಣ ಕಿಸೆದಾಗೇ ಉಳೀತು.

ಸಂವಿಧಾನದಾಗ 371(ಜೆ) ಕಲಮು ಬಂದ ಮ್ಯಾಲ ನಮ್ಮ ಭಾಗಕ್ಕ ನೌಕರಿ ಮೀಸಲಾತಿ ಬಂತಲ್ಲ, ಪರೀಕ್ಷೆ ಬರದೆ, ಆಯ್ತು. ಹಳೇ ಗೆಳೆಯರು "ಆ ಕಡಿ ಸೇರಿದಿ" ಅಂತ ಇವತ್ತಿಗೂ ಕಾಡ್ತಾರ. ಆಡಿಟ್, ಸಭೆ, ವಿಡಿಯೋ ಕಾನ್ಫರೆನ್ಸ್, ಟಾರ್ಗೆಟ್, ಎರಡು ಪಂಚಾಯ್ತಿ ಪ್ರಭಾರ, ನಿಮಗೇನು ಹೇಳಲಿ. ನಾನೂ ಎಷ್ಟೋ ಸಲ "ನಾಳಿ ಬಾ" ಅಂದೀನಿ, ಸುಳ್ಳು ಯಾಕ ಹೇಳಲಿ. ಒಂದು ಮಾತ್ರ ಇಟ್ಕೊಂಡೀನಿ. ಯಾರು ಏನೇ ಅರ್ಜಿ ತರಲಿ, ಸ್ವೀಕೃತಿ ಕೇಳೋ ಮೊದಲ ಬರದು ಕೊಡ್ತೀನಿ. ಕೆಲವು ಮುದುಕರು "ಇದ್ಯಾಕ?" ಅಂತ ಅಲ್ಲೇ ಬಿಟ್ಟು ಹೋಗ್ತಾರ, ನಮ್ಮ ಸಿಪಾಯಿ ಓಡಿ ಹೋಗಿ ಕೊಟ್ಟು ಬರ್ತಾನ.

ಹಂಗಾಗಿ ನಿಮಗ ಒಂದು ಸಲಹಾ: ಫೋನ್ ಬಂದ್ರ "ನಾ ಮಾತಾಡ್ತೀನಿ" ಅನ್ನಬ್ಯಾಡ್ರಿ. "ಚೀಟಿ ತಗೊಂಡೀಯಾ?" ಅಂತ ಕೇಳ್ರಿ. ನೀವು ಫೋನ್ ಮಾಡಿದ್ರ ನಮ್ಮಂಥವರು ಕೆಲಸ ಮಾಡೋದು ನಿಮಗ, ಆಕಿಗಲ್ಲ.

ಸರ್ಜಾಪುರ ರೋಡ್

ಇಲ್ಲಿ ತನಕ ಎಲ್ಲಾ ಕೊಡೋರ ಮಾತಾಯ್ತು. ತಗೊಂಡೋನು ಒಬ್ಬ ಮಾತಾಡಲೇನು?

ನಮ್ಮೂರು ಯಾದಗಿರಿ ಜಿಲ್ಲೆ, ಹೆಸರು ಬೇಡ. ನಮ್ಮಪ್ಪ-ಅವ್ವ ಬೆಂಗಳೂರಿಗೆ ಗುಳೆ ಹೋಗಿ ನೀವು ಇರೋ ಅಪಾರ್ಟ್‌ಮೆಂಟ್ ಕಟ್ಟಿದವರು. ಸಂಸ್ಥೆಯ ಕಾಗದದಲ್ಲಿ ನಾನು 'ಫಲಾನುಭವಿ'. ನನಗೆ ಬ್ಯಾಗ್ ಕೊಟ್ಟು ಫೋಟೋ ತೆಗೆದರು. ಬ್ಯಾಗಿಗಿಂತ ಫೋಟೋ ತೆಗೆಯೋಕೆ ಹೆಚ್ಚು ಹೊತ್ತು ಹಿಡಿಯಿತು, ಬಿಸಿಲಲ್ಲಿ ನಗು ಅಂದರು. ಅದು ಇವತ್ತಿಗೂ ನೆನಪಿದೆ, ಒಳ್ಳೆ ನೆನಪಲ್ಲ.

ಆದರೆ ಅದೇ ಸಂಸ್ಥೆಯ ಒಬ್ಬ ಅಕ್ಕ ಇದ್ದರು. ಅಪ್ಪ-ಅವ್ವ ಗುಳೆ ಹೋದಾಗ ನಾನು ಅಜ್ಜಿ ಹತ್ತಿರ ಇದ್ದೆ. ಮೊರಾರ್ಜಿ ವಸತಿ ಶಾಲೆಯ ಪರೀಕ್ಷೆಗೆ ಅರ್ಜಿ ತುಂಬಿಸಿ, ಪರೀಕ್ಷೆ ದಿನ ನಾನು ಬಂದಿಲ್ಲ ಅಂತ ಊರಿಗೆ ವಾಪಸ್ ಬಂದು ಎಬ್ಬಿಸಿ ಗಾಡಿ ಮೇಲೆ ಕೂಡಿಸಿಕೊಂಡು ಹೋದರು. ನಾನು ಮಲಗಿದ್ದೆ, ಅಷ್ಟೇ. ಬಡತನ, ಕಷ್ಟ, ಏನೂ ಅಲ್ಲ. ನಿದ್ದೆ. ದಾರಿಯುದ್ದಕ್ಕೂ ಬೈದರು.

2020ರ ಮೇ ತಿಂಗಳಲ್ಲಿ ಊರಿಗೆ ವಾಪಸ್ ಬಂದವರನ್ನು ಶಾಲೆಗಳಲ್ಲಿ ಕ್ವಾರಂಟೈನ್ ಇಟ್ಟಿದ್ದಾಗ ನಾನು ಡಿಪ್ಲೊಮಾ ಮಾಡುತ್ತಿದ್ದೆ. ದೇಶದ ಮೊದಲ ಕೋವಿಡ್ ಸಾವು ಮಾರ್ಚ್‌ನಲ್ಲಿ ಕಲಬುರಗಿಯಲ್ಲೇ ಆಗಿತ್ತಲ್ಲ, ಜನ ಎಷ್ಟು ಹೆದರಿದ್ದರು ಅಂದರೆ ಸ್ವಂತ ಅಣ್ಣನಿಗೆ ಊಟ ಕೊಡೋಕೂ ಹತ್ತಿರ ಹೋಗುತ್ತಿರಲಿಲ್ಲ. ನಾನು ಹೋದೆ. ಯಾಕೆ ಹೋದೆ ಅಂದರೆ ಬೇರೇನೂ ಹೊಳೆಯಲಿಲ್ಲ, ಆ ಅಕ್ಕ ಇದ್ದಿದ್ದರೆ ಹೋಗುತ್ತಿದ್ದರು ಅನ್ನಿಸಿತು. ಈಗ ಭಾನುವಾರ ಊರಿನ ಹುಡುಗರಿಗೆ ಸ್ಕಾಲರ್‌ಶಿಪ್ ಅರ್ಜಿ ಆನ್‌ಲೈನ್ ತುಂಬಿಸಿ ಕೊಡುತ್ತೇನೆ. ಫೋಟೋ ಹಾಕುವುದು ಪೋರ್ಟಲ್ ಕೇಳಿದರೆ ಮಾತ್ರ, ಅದೂ ಪಾಸ್‌ಪೋರ್ಟ್ ಸೈಜ್.

ಲೆಕ್ಕ ತಪಾಸಣೆ

ಮಲಗಿದ್ದವನನ್ನು ಎಬ್ಬಿಸಿ ಒಯ್ದ ಅಕ್ಕನ ವಿಷಯದಲ್ಲಿ ನನ್ನ ತಕರಾರು ಇಲ್ಲ. ಅದಕ್ಕೆ ವೋಚರ್ ಬರೆಯಲು ಯಾವ ಶೀರ್ಷಿಕೆ ಎಂದು ಯೋಚಿಸುತ್ತಿದ್ದೇನೆ. 'ಇತರೆ' ಇರಬಹುದು.

ಮಿಲ್ ಕಾರಕೂನ

ಎರಡು ತಿಂಗಳ ಮ್ಯಾಲ ಬಂದೀನಿ. ಏನಾಯ್ತು ಹೇಳ್ತೀನಿ.

ಪಿಡಿಓ ಸಾಹೇಬ್ರ ಮಾತು ಹಿಡ್ಕೊಂಡೆ. ಫೋನ್ ಬಂದ್ರ ಮೊದಲ ಕೇಳೋದು, "ಚೀಟಿ ತಗೊಂಡೀಯಾ?" ಮೊದಲ ವಾರ ಇಬ್ಬರು ಸಿಟ್ಟಿಗೆದ್ದು ಫೋನ್ ಇಟ್ರು. ಒಬ್ಬಾಕಿ "ಪಟ್ಟಣ ಸೇರಿ ಮದ ಬಂದದ ನಿನಗ" ಅಂದಳು. ಅದು ನೋಯ್ತು ಖರೆ.

ಆಮ್ಯಾಲ ಒಂದು ಭಾನುವಾರ ಊರಿಗಿ ಹೋದೆ, ಮೂರು ವರ್ಷದಾಗ ಮೊದಲ ಸಲ. ಬೀದರಿನ ಅಕ್ಕಾರ ಹಂಗ ಪೆನ್ನು-ಹಾಳಿ ಒಯ್ದಿದ್ದೆ, ಚಹಾ ಆಕಿನೇ ಮಾಡಿದಳು, ಆಡಿನಾಕಿ. ಒಟ್ಟು ಒಂಬತ್ತು ಮಂದಿ ಕೂಡಿದ್ರು. ಬರಿಲಿಕ್ಕಿ ಬರೋರು ಇಬ್ಬರು ಸೊಸೆಂದಿರು, ಮತ್ತ ನಾಕನೇ ಕ್ಲಾಸಿನ ಆ ಹುಡುಗಿ. ಒಂದು ಮುದುಕಿ ಪಗಾರದ ಅರ್ಜಿ ಆ ಹುಡುಗಿನೇ ಬರದಳು, ಅವ್ವ ಹೇಳಿದಂಗ. 'ಮಾನ್ಯರೇ' ಅನ್ನೋದಕ್ಕ 'ಮಾನರೇ' ಬರದಳು. ತಿದ್ದೋಣ ಅಂತ ಕೈ ಮುಂದ ಹೋಯ್ತು, ವಾಪಸ್ ತಗೊಂಡೆ. ಆಕಿ ಬರಿಯೋವಾಗ ತೋಳು ಮಡಚಿದ್ದಳು, ರೆಟ್ಟಿ ಕಡಿನೇ ನನ್ನ ಕಣ್ಣು. ಹಳೇ ಚಟ, ಕಣ್ಣಾಗೇ ಅಳೀತೀನಿ.

ಎಲ್ಲಾ ಸರಿ ಹೋಯ್ತು ಅಂತಲ್ಲ. ಆ ಮುದುಕಿ ಪಗಾರ ಇನ್ನೂ ಬಂದಿಲ್ಲ, ಚೀಟಿ ಅದ ಅಷ್ಟೇ. ಒಬ್ಬಾಕಿದು ಆಧಾರ ಹೆಸರು ಮೂರನೇ ಸಲ ವಾಪಸ್ ಬಂದದ, ಅದಕ್ಕ ನಾನೇ ಫೋನ್ ಹಚ್ಚಿದೆ, ಲೆಕ್ಕದ ಸರ್ ಬೈಯಲಿ. ಫೋನ್ ಕಡಿಮಿ ಆಗ್ಯಾವ. ವಾರಕ್ಕ ಒಂದು, ಕೆಲವು ವಾರ ಅದೂ ಇಲ್ಲ. ನಮ್ಮ ಮನ್ಯಾಕಿಗಿ ಖುಷಿ, ನನಗ ಖಾಲಿ ಖಾಲಿ.

ಮೊನ್ನಿ ಗುರುವಾರ ಮಿಲ್ಲಿನಾಗ ಲೋಡ್ ಬಂದಿತ್ತು, ತೊಗರಿ ಚೀಲ ಎಣಸ್ಲಕತ್ತಿದ್ದೆ. ಆಡಿನಾಕಿ ಫೋನ್. ಹೊರಗ ಬಂದು, "ಏನಾಯ್ತು ಯಕ್ಕಾ, ಚೀಟಿ ತಗೊಂಡೀಯಾ?" ಅಂದೆ.

"ಕೆಲಸ ಏನೂ ಇಲ್ಲೋ ತಮ್ಮಾ. ಆಡು ಈದದ, ಎರಡು ಮರಿ. ಹೇಳೋಣ ಅಂತ ಮಾಡಿದೆ" ಅಂದಳು.

ಒಳಗ ಹೋದಾಗ ಚೀಲದ ಎಣಿಕಿ ಮರ್ತಿದ್ದೆ, ಮೊದಲಿಂದ ಎಣಿಸಿದೆ.

ಲೆಕ್ಕ ತಪಾಸಣೆ

ಮರಿ ಗಂಡೋ ಹೆಣ್ಣೋ?

ಮಿಲ್ ಕಾರಕೂನ

ಎರಡೂ ಹೆಣ್ಣು ಸರ್.